ಅರ್ಧ ಗಂಟೆಗೊಂದು ರೇಟು: ಅಜೈಲ್ ಕರೆಂಟ್ ಪ್ಲಾನ್ ಜೊತೆ ನಮ್ಮ ಮನೆ

ಸಂಜೆ ನಾಲ್ಕು ಗಂಟೆ ಸುಮಾರಿಗೆ ನನ್ನ ಫೋನು ಒಂದು ಸಲ ಸದ್ದು ಮಾಡುತ್ತದೆ. ನಾಳೆಯ ಕರೆಂಟ್ ರೇಟು ಬಂತು ಅಂತ ಅರ್ಥ. ಇವತ್ತು ರಾತ್ರಿ 11ರಿಂದ ನಾಳೆ ರಾತ್ರಿ 11ರ ತನಕ, ಅರ್ಧ ಗಂಟೆಗೆ ಒಂದರಂತೆ 48 ರೇಟುಗಳು. ಕೆಲಸದಿಂದ ಬಂದು ಚಹಾಕ್ಕೆ ನೀರಿಡುವ ಮೊದಲು ಅದನ್ನೊಮ್ಮೆ ನೋಡುತ್ತೇನೆ. ರೇಟಿನ ಗ್ರಾಫ್‌ನಲ್ಲಿ ಎಲ್ಲಿ ಗೆರೆ ಕೆಳಗಿದೆಯೋ ಅಲ್ಲಿ ಬಟ್ಟೆ ಒಗೆಯುವ ಮೆಷಿನ್. ಎಲ್ಲಿ ಮೇಲಿದೆಯೋ ಅಲ್ಲಿ ಓವನ್ ಬೇಡ.

ನಾವಿರುವುದು ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ, ಬಾಡಿಗೆ ಮನೆ. ನಾನು, ಗಂಡ, ಎಂಟು ವರ್ಷದ ಮಗಳು. ನನ್ನ ತವರು ಮತ್ತು ಅತ್ತೆ ಮನೆ ಎರಡೂ ತಿಪಟೂರಿನ ಕಡೆ. ನಮಗೆ ಎಲೆಕ್ಟ್ರಿಕ್ ಕಾರಿಲ್ಲ, ಸೋಲಾರ್ ಇಲ್ಲ, ಗೋಡೆಗೆ ಬ್ಯಾಟರಿ ಇಲ್ಲ. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಅಜೈಲ್ ಬಗ್ಗೆ ಹೊಗಳಿ ಬರೆಯುವವರಲ್ಲಿ ಹೆಚ್ಚಿನವರಿಗೆ ಇವುಗಳಲ್ಲಿ ಒಂದಾದರೂ ಇರುತ್ತದೆ. ನಮ್ಮಂಥ ಸಾಮಾನ್ಯ ಮನೆಗೆ ಇದು ಹೇಗೆ ಅಂತ ಹುಡುಕಿದಾಗ ನನಗೆ ಕನ್ನಡದಲ್ಲಿ ಏನೂ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಕ್ಟೋಪಸ್ ಎನರ್ಜಿ ಕಂಪನಿ ಅಜೈಲ್ ಅನ್ನು ಶುರು ಮಾಡಿದ್ದು 2018ರಲ್ಲಿ. ಕರೆಂಟಿನ ಸಗಟು ಮಾರುಕಟ್ಟೆಯಲ್ಲಿ ಏನು ಬೆಲೆ ಇದೆಯೋ ಅದಕ್ಕೇ ನಿಮ್ಮ ಮನೆಯ ರೇಟನ್ನು ಕಟ್ಟಿಬಿಡುವ ಪ್ಲಾನ್ ಇದು. ಲೆಕ್ಕ ಸರಳ. ಸಗಟು ಬೆಲೆಯನ್ನು ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಮಾಡುತ್ತಾರೆ. ಸಂಜೆ 4ರಿಂದ 7ರ ತನಕ ಅದರ ಮೇಲೆ ಇನ್ನೊಂದು 11ರಿಂದ 14 ಪೆನ್ಸ್ (ನೂರು ಪೆನ್ಸ್‌ಗೆ ಒಂದು ಪೌಂಡ್) ಸೇರಿಸುತ್ತಾರೆ. ಊರಿಗೆ ತಕ್ಕಂತೆ ಸಣ್ಣ ವ್ಯತ್ಯಾಸ ಇರುತ್ತದೆ. ಸಗಟು ಬೆಲೆ ಮೆಗಾವಾಟ್ ಗಂಟೆಗೆ (ಸಾವಿರ ಯೂನಿಟ್‌ಗೆ) 80 ಪೌಂಡ್ ಇದೆ ಅಂದುಕೊಳ್ಳಿ. ಅಂದರೆ ಯೂನಿಟ್‌ಗೆ 8 ಪೆನ್ಸ್. ನಮ್ಮ ಮನೆಗೆ ಬರುವಾಗ ಅದು 17–18 ಪೆನ್ಸ್ ಆಗುತ್ತದೆ, ಸಂಜೆಯಾದರೆ 30 ದಾಟುತ್ತದೆ. ಎರಡು ಪಟ್ಟು ಯಾಕೆ ಅಂತ ಮೊದಲು ನನಗೂ ಸಿಟ್ಟು ಬಂದಿತ್ತು. ಆಮೇಲೆ ತಿಳಿಯಿತು: ಬಿಲ್ಲಿನಲ್ಲಿ ಕರೆಂಟಿನ ಸಗಟು ಬೆಲೆ ಅರ್ಧಕ್ಕಿಂತ ಕಡಿಮೆ. ಕಂಬ, ತಂತಿ, ಸರ್ಕಾರದ ಯೋಜನೆಗಳ ಖರ್ಚು, ಕಂಪನಿ ನಡೆಸುವ ಖರ್ಚು, ಶೇಕಡಾ 5 ವ್ಯಾಟ್, ಇವೆಲ್ಲ ಸೇರಿ ಉಳಿದದ್ದು. ಯಾವ ಪ್ಲಾನ್ ತಗೊಂಡರೂ ಅದು ತಪ್ಪುವುದಿಲ್ಲ.

ಸಗಟು ಬೆಲೆ ಹೇಗೆ ಹುಟ್ಟುತ್ತದೆ ಅನ್ನುವುದು ನನಗೆ ಅರ್ಥವಾದದ್ದು ನಮ್ಮೂರಿನ ಎಪಿಎಂಸಿಯನ್ನು ನೆನೆದಾಗ. ಅಪ್ಪನ ಜೊತೆ ಕೊಬ್ಬರಿ ಚೀಲ ಇಟ್ಟುಕೊಂಡು ಹರಾಜಿಗೆ ಕೂತಿದ್ದೇನೆ. ಅಲ್ಲಿ ಒಬ್ಬೊಬ್ಬರ ಲಾಟಿಗೆ ಒಂದೊಂದು ರೇಟು. ನಮ್ಮದಕ್ಕೆ ಒಂದು, ಪಕ್ಕದವರ ಒಳ್ಳೆಯ ಕೊಬ್ಬರಿಗೆ ನೂರು ರೂಪಾಯಿ ಜಾಸ್ತಿ. ಕರೆಂಟಿನ ಸಂತೆಯಲ್ಲಿ ಹಾಗಲ್ಲ. ನಾಳೆಯ ಕರೆಂಟನ್ನು ಇವತ್ತೇ ಹರಾಜು ಹಾಕುತ್ತಾರೆ. ಗಾಳಿಯಂತ್ರದವರು ಕಡಿಮೆಗೆ ಕೊಡುತ್ತೇವೆ ಅನ್ನುತ್ತಾರೆ, ಯಾಕೆಂದರೆ ಗಾಳಿಗೆ ದುಡ್ಡಿಲ್ಲ. ಅಣುಸ್ಥಾವರದವರೂ ಕಡಿಮೆಗೆ ಕೊಡುತ್ತಾರೆ. ಊರಿಗೆಲ್ಲ ಸಾಲುವ ತನಕ ಒಂದೊಂದೇ ಲಾಟು ಸೇರಿಸುತ್ತಾ ಹೋಗುತ್ತಾರೆ. ಕೊನೆಗೆ ಯಾವ ಲಾಟು ಬೇಕಾಯಿತೋ ಅದರ ರೇಟೇ ಎಲ್ಲರಿಗೂ. ಬ್ರಿಟನ್‌ನಲ್ಲಿ ಹೆಚ್ಚಿನ ಹೊತ್ತು ಆ ಕೊನೆಯ ಲಾಟು ಗ್ಯಾಸ್ ಸುಡುವ ಸ್ಥಾವರದ್ದು. ಹಾಗಾಗಿ ಗ್ಯಾಸ್ ಬೆಲೆ ಏರಿದರೆ ಗಾಳಿಯಿಂದ ಬಂದ ಕರೆಂಟಿನ ಬೆಲೆಯೂ ಏರುತ್ತದೆ. ಗಾಳಿ ಜೋರಾಗಿ ಬೀಸಿ ಗ್ಯಾಸೇ ಬೇಡವಾದ ರಾತ್ರಿ ಬೆಲೆ ಸೊನ್ನೆಯ ಹತ್ತಿರ ಬೀಳುತ್ತದೆ, ಕೆಲವು ಸಲ ಸೊನ್ನೆಯ ಕೆಳಗೂ ಹೋಗುತ್ತದೆ. ಆಗ ಅಜೈಲ್‌ನಲ್ಲಿರುವ ನಾವು ಬಳಸಿದ ಯೂನಿಟ್‌ಗೆ ಕಂಪನಿಯವರೇ ನಮ್ಮ ಖಾತೆಗೆ ದುಡ್ಡು ಹಾಕುತ್ತಾರೆ.

ಈ ಸಂತೆಯ ಬಿಸಿ ನಮಗೆ ಮೊದಲು ತಟ್ಟಿದ್ದು ಅಜೈಲ್‌ಗೆ ಬರುವ ಮುಂಚೆ, 2021ರಲ್ಲಿ. ಆಗ ನಾವಿದ್ದ ಕಂಪನಿಯ ಹೆಸರು ಬೇಡ. ಯೂನಿಟ್‌ಗೆ ಇಷ್ಟೇ ಅಂತ ಫಿಕ್ಸೆಡ್ ರೇಟು ಕೊಟ್ಟಿದ್ದರು. ಆ ಶರತ್ಕಾಲದಲ್ಲಿ ಗ್ಯಾಸ್ ಬೆಲೆ ಏರಿತು. ನಮಗೆ ಕಡಿಮೆಗೆ ಮಾರುತ್ತೇವೆ ಅಂತ ಮಾತು ಕೊಟ್ಟವರು ತಾವು ಮಾತ್ರ ಅವತ್ತವತ್ತಿನ ಬೆಲೆಗೆ ಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಇಮೇಲ್ ಬಂತು: ಕಂಪನಿ ಮುಚ್ಚಿದೆ, ನಿಮ್ಮನ್ನು ಬೇರೆಯವರಿಗೆ ವಹಿಸುತ್ತಾರೆ, ಮೀಟರ್ ಫೋಟೋ ತೆಗೆದಿಟ್ಟುಕೊಳ್ಳಿ. ಆ ವರ್ಷ ಹಾಗೆ ಬಾಗಿಲು ಹಾಕಿದ ಕಂಪನಿಗಳು ಇಪ್ಪತ್ತಕ್ಕೂ ಜಾಸ್ತಿ. ಅವರ ಗಿರಾಕಿಗಳನ್ನು ಬೇರೆ ಕಂಪನಿಗೆ ಸೇರಿಸಿದ ಖರ್ಚನ್ನು ಆಮೇಲೆ ದೇಶದ ಎಲ್ಲ ಮನೆಗಳ ಸ್ಟ್ಯಾಂಡಿಂಗ್ ಚಾರ್ಜ್‌ಗೆ ಸೇರಿಸಿದರು. ಒಂದು ಯೂನಿಟ್ ಬಳಸದಿದ್ದರೂ ದಿನಾ ಕಟ್ಟಬೇಕಾದ ದುಡ್ಡು ಅದು. ಫಿಕ್ಸೆಡ್ ರೇಟು ಅಂದರೆ ಸಂತೆಯ ಗೊಡವೆ ಇಲ್ಲ ಅಂದುಕೊಂಡಿದ್ದೆ. ಗೊಡವೆ ಇತ್ತು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ.

ಇಲ್ಲಿ ಪ್ಲಾನ್ ಆರಿಸಿಕೊಳ್ಳದವರಿಗೆ ಆಫ್‌ಜೆಮ್ ಅನ್ನುವ ನಿಯಂತ್ರಕರು ಮಿತಿ ಹಾಕುತ್ತಾರೆ. ಅದನ್ನೇ ಪ್ರೈಸ್ ಕ್ಯಾಪ್ ಅನ್ನುವುದು. ಬಂದದ್ದು 2019ರ ಜನವರಿಯಲ್ಲಿ. ಇದರ ಬಗ್ಗೆ ನಮ್ಮವರಲ್ಲಿ ತುಂಬ ತಪ್ಪು ತಿಳಿವಳಿಕೆ ಇದೆ. 2024ರ ಕೊನೆಯಲ್ಲಿ ಟಿವಿಯಲ್ಲಿ ಕ್ಯಾಪ್ ವರ್ಷಕ್ಕೆ 1,717 ಪೌಂಡ್ ಅಂದರು, ಹಾಗಂದರೆ ಬಿಲ್ಲು ಅದಕ್ಕಿಂತ ಮೇಲೆ ಹೋಗುವುದಿಲ್ಲ ಅಂತ ಅಲ್ಲ. ಮಿತಿ ಇರುವುದು ಯೂನಿಟ್ ರೇಟಿಗೆ ಮತ್ತು ಸ್ಟ್ಯಾಂಡಿಂಗ್ ಚಾರ್ಜ್‌ಗೆ. ಜಾಸ್ತಿ ಬಳಸಿದರೆ ಬಿಲ್ಲು ಜಾಸ್ತಿಯೇ. ಈ ಕ್ಯಾಪ್ ಕೂಡ ಸಗಟು ಬೆಲೆಯನ್ನೇ ನೋಡಿ ಇಡುವುದು, ಆದರೆ ಹಲವು ತಿಂಗಳ ಸರಾಸರಿ ತೆಗೆದು, ಮೂರು ತಿಂಗಳಿಗೊಮ್ಮೆ. ಹಾಗಾಗಿ ಸಂತೆಯ ಏರಿಳಿತ ಕ್ಯಾಪ್‌ನಲ್ಲಿರುವ ಮನೆಗೆ ತಡವಾಗಿ, ಮೆತ್ತಗಾಗಿ ಬರುತ್ತದೆ. 2022ರ ಅಕ್ಟೋಬರ್‌ನಲ್ಲಿ ಮಾತ್ರ ಮೆತ್ತಗಾಗಲೂ ಜಾಗ ಇರಲಿಲ್ಲ. ಸಾಮಾನ್ಯ ಮನೆಯ ಕ್ಯಾಪ್ 3,549 ಪೌಂಡ್‌ಗೆ ಹೋಗುತ್ತದೆ ಅಂದಾಗ ಸರ್ಕಾರವೇ ನಡುವೆ ಬಂದು 2,500ಕ್ಕೆ ನಿಲ್ಲಿಸಿತು. ಆ ಚಳಿಗಾಲ ಪ್ರತಿ ಮನೆಗೂ ಒಟ್ಟು 400 ಪೌಂಡ್ ಕೊಟ್ಟರು. ನಮ್ಮ ಖಾತೆಗೆ ತಿಂಗಳಿಗೆ 66, ಆಮೇಲೆ 67 ಅಂತ ಬರುತ್ತಿತ್ತು.

ನಾವು ಅಜೈಲ್‌ಗೆ ಬಂದದ್ದು 2024ರ ಏಪ್ರಿಲ್‌ನಲ್ಲಿ. ಅರ್ಧ ಗಂಟೆಗೊಮ್ಮೆ ರೀಡಿಂಗ್ ಕಳಿಸುವ ಸ್ಮಾರ್ಟ್ ಮೀಟರ್ ಇದ್ದರೆ ಸಾಕು. ಬಿಡಬೇಕಾದರೆ ದಂಡ ಇಲ್ಲ.

ಮೊದಲ ತಿಂಗಳು ನಾನು ಎಲ್ಲದಕ್ಕೂ ಲೆಕ್ಕ ಹಾಕಿದೆ. ಅದರಿಂದ ಒಂದು ಉಪಕಾರವಾಯಿತು. ಯಾವುದು ಮುಖ್ಯ, ಯಾವುದು ಅಲ್ಲ ಅಂತ ಗೊತ್ತಾಯಿತು. ಮಗಳು ಸ್ಕೂಲಿನಿಂದ ಬರುವುದು ಮೂರೂವರೆಗೆ. ನಾಲ್ಕಕ್ಕೆ ಹಸಿವು. ದುಬಾರಿ ಹೊತ್ತಿಗೆ ಸರಿಯಾಗಿ ದೋಸೆ ಬೇಕು. ಇಂಡಕ್ಷನ್ ಒಲೆಯಲ್ಲಿ ಅರ್ಧ ಗಂಟೆ ದೋಸೆ ಹೊಯ್ದರೆ ಸುಮಾರು ಅರ್ಧ ಯೂನಿಟ್. 36 ಪೆನ್ಸ್ ರೇಟಿನಲ್ಲಿ 18 ಪೆನ್ಸ್. ರಾತ್ರಿ 16ರ ರೇಟಿನಲ್ಲಿ 8 ಪೆನ್ಸ್. ವ್ಯತ್ಯಾಸ ಹತ್ತು ಪೆನ್ಸ್. ಹತ್ತು ಪೆನ್ಸ್‌ಗಾಗಿ ಮಗುವಿಗೆ ಏಳು ಗಂಟೆ ತನಕ ತಡಿ ಅನ್ನಬೇಕಾ? ಬೇಡ. ಅವತ್ತೇ ತೀರ್ಮಾನಿಸಿದೆ, ಊಟ ತಿಂಡಿಗೆ ರೇಟು ನೋಡುವುದಿಲ್ಲ ಅಂತ.

ಬಟ್ಟೆ ಒಣಗಿಸುವ ಡ್ರೈಯರ್ ಕಥೆ ಬೇರೆ. ನಮ್ಮದು ಹಳೆಯದು. ಒಂದು ಸಲಕ್ಕೆ ನಾಲ್ಕು ಯೂನಿಟ್ ತಿನ್ನುತ್ತದೆ. ಸಂಜೆ ಐದಕ್ಕೆ ಹಾಕಿದರೆ ಒಂದೂವರೆ ಪೌಂಡ್ ಹತ್ತಿರ. ಅದೇ 12 ಪೆನ್ಸ್ ಇದ್ದಾಗ ಹಾಕಿದರೆ 48 ಪೆನ್ಸ್. ವಾರಕ್ಕೆ ಮೂರು ಸಲ ಅಂದರೆ ನೋಡಿ ಎಷ್ಟು ಉಳಿಯಿತು! ಬಿಸಿ ಮಾಡುವ ಯಂತ್ರಗಳನ್ನು ಮಾತ್ರ ಸರಿಸಿ: ಡ್ರೈಯರ್, ಪಾತ್ರೆ ತೊಳೆಯುವ ಮೆಷಿನ್, ಓವನ್. ದೀಪ, ಟಿವಿ, ಮಿಕ್ಸಿ, ಫೋನ್ ಚಾರ್ಜರ್ ಬಗ್ಗೆ ಯೋಚಿಸಲೇಬೇಡಿ. ಒಂದು ಎಚ್ಚರಿಕೆಯ ಮಾತು. ರಾತ್ರಿ ಎರಡು ಗಂಟೆಗೆ ರೇಟು ಕಡಿಮೆ ಅಂತ ಡ್ರೈಯರ್ ಹಾಕಿ ಮಲಗಬೇಡಿ. ಇಲ್ಲಿನ ಅಗ್ನಿಶಾಮಕ ದಳದವರು ಮಲಗಿದಾಗ ಇಂಥ ಯಂತ್ರ ಓಡಿಸಬೇಡಿ ಅಂತ ಹೇಳುತ್ತಲೇ ಇರುತ್ತಾರೆ. ನಾನು ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಆಗ ಹಾಕಿ, ಆರೂವರೆಗೆ ತೆಗೆಯುತ್ತೇನೆ.

ಐದಕ್ಕೆ ಎದ್ದು ಕತ್ತಲಲ್ಲಿ ಸ್ವಿಚ್ ಒತ್ತುವಾಗ ಅಪ್ಪ ನೆನಪಾಗುತ್ತಾರೆ. ನಾನು ಸಣ್ಣವಳಿದ್ದಾಗ ತೋಟಕ್ಕೆ ತ್ರೀ ಫೇಸ್ ಬರುತ್ತಿದ್ದುದು ರಾತ್ರಿ. ಒಂದು ವಾರ ಹನ್ನೊಂದಕ್ಕೆ, ಇನ್ನೊಂದು ವಾರ ಎರಡಕ್ಕೆ. ಹೊರಗಿನ ಬಲ್ಬು ಝಗ್ಗನೆ ಹತ್ತಿದ ಕೂಡಲೇ ಅಪ್ಪ ಟಾರ್ಚು, ಕೋಲು ಹಿಡಿದು ತೋಟಕ್ಕೆ ಹೊರಡುತ್ತಿದ್ದರು, ಮೋಟರ್ ಹಾಕಲು. ಹಾವಿನ ಭಯಕ್ಕೆ ಅಮ್ಮ ಅವರು ವಾಪಸ್ ಬರುವ ತನಕ ಮಲಗುತ್ತಿರಲಿಲ್ಲ. ಕರೆಂಟ್ ಇದ್ದಾಗ ನೀನು ಎದ್ದಿರಬೇಕು ಅನ್ನುವುದು ಅಲ್ಲಿನ ಕಾನೂನು. ಇಲ್ಲಿ ಕರೆಂಟ್ ದಿನವಿಡೀ ಇರುತ್ತದೆ. ಆದರೂ ಅಗ್ಗದ ಹೊತ್ತಿಗೆ ಎದ್ದಿರಬಲ್ಲವರಿಗೇ ಈ ಪ್ಲಾನಿನ ಲಾಭ.

ಏಪ್ರಿಲ್‌ನಿಂದ ನವೆಂಬರ್ ಕೊನೆಯ ತನಕ ನಮ್ಮ ಲೆಕ್ಕ ಹೀಗಿತ್ತು. ಬಳಸಿದ್ದು 1,780 ಯೂನಿಟ್. ಸರಾಸರಿ ಕೊಟ್ಟದ್ದು ಯೂನಿಟ್‌ಗೆ 17.9 ಪೆನ್ಸ್. ಅದೇ ಸಮಯದಲ್ಲಿ ಕ್ಯಾಪ್ ರೇಟು 22ರಿಂದ 24 ಪೆನ್ಸ್ ಚಿಲ್ಲರೆ ಇತ್ತು. ಎಂಟು ತಿಂಗಳಲ್ಲಿ ಸುಮಾರು 100 ಪೌಂಡ್ ಉಳಿಯಿತು. ಬ್ಯಾಟರಿ ಇದ್ದವರು ಹೇಳುವ ಮೊತ್ತದ ಮುಂದೆ ಇದು ಸಣ್ಣದು. ನಮಗೆ ಅದು ಮಗಳ ಚಳಿಗಾಲದ ಕೋಟು, ಬೂಟು.

ಅಕ್ಟೋಬರ್‌ನಲ್ಲಿ ಅತ್ತೆ ಬಂದರು, ಆರು ತಿಂಗಳಿಗೆ. ಅವರಿಗೆ ಎಪ್ಪತ್ತೆರಡು. ಕೆಳಗಿನ ಮುಂದಿನ ಕೋಣೆಯನ್ನು ಅವರಿಗೆ ಮಾಡಿಕೊಟ್ಟೆವು. ಆ ಕೋಣೆಯ ರೇಡಿಯೇಟರ್ ಸರಿಯಾಗಿ ಕಾಯುವುದಿಲ್ಲ ಅಂತ ಒಂದು ಎಣ್ಣೆ ಹೀಟರ್ ಇಟ್ಟಿದ್ದೆವು. ನಾವು ಗಂಡ ಹೆಂಡತಿ ಸುಮ್ನೆ ಮಾತಾಡುವಾಗ, "ಈಗ ಬೇಡ, ರೇಟು ಜಾಸ್ತಿ ಇದೆ" ಅನ್ನುವುದು ಅವರ ಕಿವಿಗೆ ಬೀಳುತ್ತಿತ್ತು. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

2024ರ ಡಿಸೆಂಬರ್ ಎರಡನೇ ವಾರ ಗಾಳಿ ನಿಂತಿತು. ಯುರೋಪಿನ ಉತ್ತರ ಭಾಗದಲ್ಲೆಲ್ಲ ಮೋಡ, ಚಳಿ, ಗಾಳಿ ಇಲ್ಲ. ಡಿಸೆಂಬರ್ 12ರ ಸಂಜೆ ಜರ್ಮನಿಯ ಸಗಟು ಬೆಲೆ ಒಂದು ತಾಸಿನ ಮಟ್ಟಿಗೆ ಮೆಗಾವಾಟ್ ಗಂಟೆಗೆ 936 ಯೂರೋ ಮುಟ್ಟಿತು. ನಮ್ಮ ಕಡೆಯೂ ಬೆಲೆ ಏರಿತು. ಫೋನಿನಲ್ಲಿ ಸಂಜೆಯ ಗೆರೆಗಳು ಕಡು ಕೆಂಪು, ಕ್ಯಾಪ್ ರೇಟಿನ ಎರಡು ಪಟ್ಟಿಗಿಂತ ಎಷ್ಟೋ ಮೇಲೆ.

ಅವತ್ತು ನಾನು ಮನೆಗೆ ಬಂದಾಗ ಐದೂವರೆ. ಅಡುಗೆಮನೆಯಲ್ಲಿ ನೆನೆಸಿಟ್ಟ ಅಕ್ಕಿ, ಉದ್ದು ಗ್ರೈಂಡರ್ ಪಕ್ಕದಲ್ಲಿ ಹಾಗೇ ಇತ್ತು. ಅತ್ತೆಯ ಕೋಣೆಯ ಬಾಗಿಲು ಮುಚ್ಚಿತ್ತು. ತೆಗೆದರೆ, ಹೀಟರ್ ಪ್ಲಗ್ ಕಿತ್ತು ವೈರನ್ನು ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದಾರೆ. ಎರಡು ಶಾಲು ಹೊದ್ದು, ಕಾಲಿಗೆ ನನ್ನ ಗಂಡನ ಉಣ್ಣೆಯ ಸಾಕ್ಸ್ ಹಾಕಿಕೊಂಡು ಮಂಚದ ಮೇಲೆ ಕೂತಿದ್ದಾರೆ. ಕೈ ಮುಟ್ಟಿದೆ. ತಣ್ಣಗೆ. "ಏಳು ಗಂಟೆ ಆಗಲಿ ಅಂತ ಕಾಯ್ತಾ ಇದ್ದೆ ಕಣಮ್ಮ, ಆಗ ರೇಟು ಇಳಿಯುತ್ತಲ್ವಾ?" ಅಂದರು. ರುಬ್ಬುವುದನ್ನೂ ಅದಕ್ಕೇ ನಿಲ್ಲಿಸಿದ್ದರು.

ಆ ಗ್ರೈಂಡರ್ 150 ವಾಟಿನದು. ಅರ್ಧ ಗಂಟೆ ತಿರುಗಿದರೆ ಯೂನಿಟ್‌ನ ಹತ್ತನೇ ಒಂದು ಭಾಗವೂ ಆಗುವುದಿಲ್ಲ. ಎಷ್ಟೇ ದುಬಾರಿ ಹೊತ್ತಾದರೂ ಕೆಲವು ಪೆನ್ಸ್. ಹೀಟರ್ ಜಾಸ್ತಿ ಎಳೆಯುತ್ತದೆ, ನಿಜ. ಆದರೆ ಎಷ್ಟಾದರೂ ಆಗಲಿ, ಎಪ್ಪತ್ತೆರಡು ವರ್ಷದ ಜೀವ ಚಳಿಯಲ್ಲಿ ಗಡಿಯಾರ ನೋಡುತ್ತಾ ಕೂರುವಂತೆ ಮಾಡಿದ್ದೆ ನಾನು. ತಪ್ಪು ಕಂಪನಿಯದಲ್ಲ. ಬೆಲೆ ಹೀಗೆ ಏರಬಹುದು ಅಂತ ಸೇರುವಾಗಲೇ ಸ್ಪಷ್ಟವಾಗಿ ಹೇಳಿದ್ದರು. ಮನೆಯಲ್ಲಿ ಯಾರು ಇದ್ದಾರೆ ಅಂತ ಯೋಚಿಸಬೇಕಾದವಳು ನಾನು.

ಆ ವಾರ ಕಳೆದ ಮೇಲೆ ಲೆಕ್ಕ ನೋಡಿದೆ. 11, 12, 13 ಈ ಮೂರು ದಿನ 36 ಯೂನಿಟ್ ಬಳಸಿದ್ದೆವು, ಸರಾಸರಿ 44 ಪೆನ್ಸ್. ಕ್ಯಾಪ್ ರೇಟಿನಲ್ಲಿದ್ದರೆ ಕೊಡುತ್ತಿದ್ದುದಕ್ಕಿಂತ ಜಾಸ್ತಿ ಹೋದದ್ದು ಬರೀ 7 ಪೌಂಡ್. ಏಳು ಪೌಂಡ್! ಅತ್ತೆಯನ್ನು ಚಳಿಯಲ್ಲಿ ಕೂರಿಸಿದ್ದು ಅಷ್ಟು ಸಣ್ಣ ಮೊತ್ತದ ಹೆದರಿಕೆ. ಆ ಕೆಂಪು ಗೆರೆಗೆ ಅಷ್ಟು ಶಕ್ತಿ ಇದೆ. ಮರುದಿನವೇ ಅದೇ ಕಂಪನಿಯ ಫಿಕ್ಸೆಡ್ ಪ್ಲಾನ್‌ಗೆ ಬದಲಾಯಿಸಿದೆವು. ಅತ್ತೆಗೆ ಹೇಳಿದೆ, ಈಗ ಹಗಲು ರಾತ್ರಿ ಒಂದೇ ರೇಟು, ಯಾವಾಗ ಬೇಕಾದರೂ ಹೀಟರ್ ಹಾಕಿಕೊಳ್ಳಿ ಅಂತ. ಅವರ ಮುಖ ನೋಡಬೇಕಿತ್ತು ನೀವು.

ಅಜೈಲ್‌ನಲ್ಲಿ ರೇಟು ಎಷ್ಟೇ ಏರಿದರೂ ಯೂನಿಟ್‌ಗೆ ಒಂದು ಪೌಂಡ್ ದಾಟುವಂತಿಲ್ಲ ಅಂತ ಮಿತಿ ಇದೆ. ಇದು ದೊಡ್ಡ ವಿಷಯ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಿಮಗಾಳಿ ಬಂದಾಗ ಸಗಟು ಬೆಲೆ ಯೂನಿಟ್‌ಗೆ 9 ಡಾಲರ್‌ಗೆ ಏರಿ ದಿನಗಟ್ಟಲೆ ಅಲ್ಲೇ ನಿಂತಿತು. ಗ್ರಿಡಿ ಅನ್ನುವ ಕಂಪನಿಯ ಗಿರಾಕಿಗಳಿಗೆ ಆ ಬೆಲೆ ನೇರವಾಗಿ ತಟ್ಟಿತು. ಕೆಲವೇ ದಿನಕ್ಕೆ ಸಾವಿರಾರು ಡಾಲರ್ ಬಿಲ್ಲು ಬಂದವರಿದ್ದರು. ಮುಂದಿನ ತಿಂಗಳು ಕಂಪನಿ ದಿವಾಳಿ ಎದ್ದಿತು, ಆ ವರ್ಷವೇ ಅಲ್ಲಿನ ಸರ್ಕಾರ ಮನೆಗಳಿಗೆ ಇಂಥ ಪ್ಲಾನ್ ಮಾರುವುದನ್ನು ನಿಷೇಧಿಸಿತು. ನೀವು ಯಾವುದೇ ದೇಶದಲ್ಲಿರಿ, ಸಗಟು ಬೆಲೆಗೆ ಕಟ್ಟಿದ ಪ್ಲಾನ್ ಯಾರಾದರೂ ಮಾರಲು ಬಂದರೆ ಮೊದಲ ಪ್ರಶ್ನೆ ಇದೇ ಇರಲಿ: ಮೇಲಿನ ಮಿತಿ ಎಷ್ಟು? ಮಿತಿ ಇಲ್ಲ ಅಂದರೆ ಅಲ್ಲಿಗೇ ಮಾತು ಮುಗಿಸಿ.

ಊರಿಗೆ ಫೋನ್ ಮಾಡಿದಾಗ ಅಮ್ಮ, "ನಮಗೆ ಬಿಲ್ಲೇ ಸೊನ್ನೆ, ನೀವು ಅರ್ಧ ಗಂಟೆಗೊಂದು ರೇಟು ಅಂತೀರಿ" ಅಂತ ಆಶ್ಚರ್ಯ ಪಡುತ್ತಾರೆ. ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ ಒಳಗೆ ಬಳಸುವ ಅವರ ಮನೆಗೆ ಅದು ನಿಜ. ಆದರೆ ಕರ್ನಾಟಕದ ಮನೆಗಳಿಗೂ ಈ ಸಂತೆ ದೂರ ಇಲ್ಲ. ಬೇಸಿಗೆಯಲ್ಲಿ ಕೊರತೆ ಬಿದ್ದಾಗ ನಮ್ಮ ರಾಜ್ಯವೂ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಕೊಳ್ಳುತ್ತದೆ. ಅಲ್ಲಿ ಕಾಲು ಗಂಟೆಗೊಂದರಂತೆ ದಿನಕ್ಕೆ 96 ಬೆಲೆ. ಮಧ್ಯಾಹ್ನ ಬಿಸಿಲಿದ್ದಾಗ ಅಗ್ಗ. ಸೂರ್ಯ ಮುಳುಗಿದ ಮೇಲೆ ಯೂನಿಟ್‌ಗೆ 10 ರೂಪಾಯಿಯ ಮಿತಿಯನ್ನು ಮುಟ್ಟಿದ ದಿನಗಳಿವೆ. ಬಿಲ್ಲು ಕಟ್ಟುವ ಮನೆಗಳಲ್ಲಿ ಎಫ್‌ಪಿಪಿಸಿಎ ಅಂತ ಒಂದು ಸಾಲು ನೋಡಿರುತ್ತೀರಿ. ಇಂಧನ ಮತ್ತು ಖರೀದಿ ಖರ್ಚು ಅಂದಾಜಿಗಿಂತ ಏರಿದರೆ ಆ ಸಾಲಿನಲ್ಲಿ ಬಂದು ಕೂರುತ್ತದೆ. ಯಾವ ಸಂಜೆಯ ದುಬಾರಿ ಕರೆಂಟಿಗೆ ಕಟ್ಟುತ್ತಿದ್ದೇವೆ ಅಂತ ತಿಳಿಯುವುದಿಲ್ಲ ಅಷ್ಟೆ. ಕೇಂದ್ರ ಸರ್ಕಾರ 2023ರಲ್ಲಿ ನಿಯಮ ತಿದ್ದಿ, ಸ್ಮಾರ್ಟ್ ಮೀಟರ್ ಇರುವ ಮನೆಗಳಿಗೆ ಹಗಲಿಗೊಂದು, ಸಂಜೆಗೊಂದು ದರ ಇಡಲು ದಾರಿ ಮಾಡಿದೆ. ಅಜೈಲ್‌ನಷ್ಟು ಏರಿಳಿತ ಅದರಲ್ಲಿ ಇರುವುದಿಲ್ಲ. ಆದರೂ ಸಂಜೆ ಆರಕ್ಕೆ ಅಡುಗೆ ಮಾಡಲೇಬೇಕಾದ ಮನೆ, ಮಧ್ಯಾಹ್ನ ಗೀಸರ್ ಹಾಕಲು ಯಾರೂ ಇಲ್ಲದ ಮನೆ, ಇವರ ಬಗ್ಗೆ ದರ ಇಡುವವರು ಯೋಚಿಸಲಿ ಅಂತ ನನ್ನ ಆಸೆ.

ಅತ್ತೆ ಮಾರ್ಚ್ ಕೊನೆಗೆ ಊರಿಗೆ ಹೋದರು. 2025ರ ಏಪ್ರಿಲ್‌ನಲ್ಲಿ ನಾವು ಮತ್ತೆ ಅಜೈಲ್‌ಗೆ ಬಂದೆವು. ಆ ವಸಂತ ಬ್ರಿಟನ್‌ನ ದಾಖಲೆಯಲ್ಲೇ ಅತಿ ಹೆಚ್ಚು ಬಿಸಿಲು ಬಿದ್ದ ವಸಂತ. ಅಗ್ಗದ ಹೊತ್ತು ನಡುರಾತ್ರಿಯಿಂದ ಮಧ್ಯಾಹ್ನಕ್ಕೆ ಸರಿಯಿತು. ಒಂದು ಭಾನುವಾರ ಮಧ್ಯಾಹ್ನ ರೇಟು ಸೊನ್ನೆಯ ಕೆಳಗಿತ್ತು. ಎಲ್ಲ ಹಾಸಿಗೆ ಹೊದಿಕೆ ಒಗೆದೆ, ಓವನ್‌ನಲ್ಲಿ ಎರಡು ಕೇಕು ಬೇಯಿಸಿದೆ. ಅಪ್ಪ ಅದನ್ನು ಕೇಳಿ, "ನಮಗೂ ಈಗ ಹಗಲು ಹೊತ್ತಲ್ಲೇ ತ್ರೀ ಫೇಸ್ ಕೊಡ್ತಾರೆ, ಪಾವಗಡದ ಸೋಲಾರ್ ಬಂದ ಮೇಲೆ ರಾತ್ರಿ ಏಳೋದು ಕಮ್ಮಿ ಆಯ್ತು" ಅಂದರು. ಅಮ್ಮನಿಗೂ ಈಗ ಒಳ್ಳೆಯ ನಿದ್ದೆಯಂತೆ.

ಯಾರಿಗೆ ಈ ಪ್ಲಾನ್ ಹೊಂದುತ್ತದೆ ಅಂತ ಕೇಳಿದರೆ: ಹಗಲು ಮನೆಯಲ್ಲಿರುವವರು, ಪಾಳಿ ಕೆಲಸದವರು, ಕಾರು ಅಥವಾ ಬ್ಯಾಟರಿ ಇರುವವರು ಧೈರ್ಯವಾಗಿ ತಗೊಳ್ಳಿ. ಕೈಗೂಸು ಇರುವ ಮನೆ, ವಯಸ್ಸಾದವರಿರುವ ಮನೆ, ಕರೆಂಟಿನಿಂದಲೇ ಮನೆ ಬೆಚ್ಚಗಿಡುವವರು ಚಳಿಗಾಲಕ್ಕೆ ತಗೊಳ್ಳಬೇಡಿ. ತಿಂಗಳ ಕೊನೆಗೆ ಕೈ ಬಿಗಿ ಇರುವವರೂ ಬೇಡ, ಯಾಕೆಂದರೆ ಒಂದು ತಿಂಗಳ ಬಿಲ್ಲಿನಂತೆ ಇನ್ನೊಂದು ತಿಂಗಳು ಇರುವುದಿಲ್ಲ. ಸೇರುವ ಮೊದಲು ಎರಡು ವಾರ ಸುಮ್ನೆ ದಿನದ ರೇಟು ನೋಡಿ. ಅದನ್ನು ನೋಡಲು ದುಡ್ಡು ಕೊಡಬೇಕಾಗಿಲ್ಲ. ಸಂಜೆ 4ರಿಂದ 7ರ ತನಕ ನಿಮ್ಮ ಮನೆಯಲ್ಲಿ ಏನೇನು ಓಡುತ್ತದೆ ಅಂತ ಒಂದು ಕಾಗದದಲ್ಲಿ ಬರೆದುಕೊಳ್ಳಿ.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ, ಏಪ್ರಿಲ್‌ನಿಂದ ಸೆಪ್ಟೆಂಬರ್‌ಗೆ. ಈ ಅಕ್ಟೋಬರ್‌ಗೆ ಅತ್ತೆ ಮತ್ತೆ ಬರುತ್ತಿದ್ದಾರೆ. ಸೆಪ್ಟೆಂಬರ್ ಕೊನೆಯ ವಾರ ಫಿಕ್ಸೆಡ್‌ಗೆ ಬದಲಾಯಿಸಬೇಕು ಅಂತ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಈಗಲೇ ಗುರುತು ಹಾಕಿದ್ದೇನೆ. ಅವರ ಕೋಣೆಗೆ ಹೊಸ ರೇಡಿಯೇಟರ್ ಹಾಕಿಸಲು ಮನೆ ಮಾಲೀಕರೂ ಒಪ್ಪಿದ್ದಾರೆ.